ಬೇವಿನೆಲೆಯ ಕಷಾಯ, ಕಬ್ಬಿಣದ ನ್ಯಾನೊ ಕಣ, ನಗರದ ಕೊಳಚೆ ನೀರು

ಮಂಗಳೂರು: ಎಳೆ ಹಲಸಿನ ಗುಜ್ಜೆಯನ್ನು ಕಬ್ಬಿಣದ ಮೆಟ್ಟುಕತ್ತಿಯಲ್ಲಿ ಹೆಚ್ಚಿದರೆ ಅಲಗೂ ಕಪ್ಪಾಗುತ್ತದೆ, ಹೋಳೂ ಕಪ್ಪಾಗುತ್ತದೆ. ಬಾಳೆಹೂವಿನದೂ ಇದೇ ಕಥೆ. ಗುಜ್ಜೆಯ ಒಗರಿನಲ್ಲಿರುವ ಟ್ಯಾನಿನ್ ಎಂಬ ರಾಸಾಯನಿಕ ವಸ್ತು ಕಬ್ಬಿಣದೊಡನೆ ಬೆರೆತು ಈ ಬಣ್ಣ ತಾಳುತ್ತದೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ನೀರಾದ ಚೊಗರಿನಲ್ಲಿಯೂ, ಹಿಂದೆ ಶಾಯಿ ಮಾಡಲು ಬಳಸುತ್ತಿದ್ದ ಅಳಲೆಕಾಯಿಯಲ್ಲಿಯೂ ಇರುವುದು ಇದೇ ಗುಂಪಿನ ವಸ್ತು. ಅಡುಗೆಮನೆಗೆ ಹಳೆಯದಾದ ಈ ಕ್ರಿಯೆಯನ್ನೇ ಕೊಳಚೆ ನೀರಿನ ಶುದ್ಧೀಕರಣಕ್ಕೆ ದುಡಿಸಿಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ಸುರತ್ಕಲ್‌ನ ರಾಷ್ಟ್ರೀಯ ತಾಂತ್ರಿಕ ವಿದ್ಯಾಲಯದ (ಎನ್‌ಐಟಿಕೆ) ಸಿವಿಲ್ ಎಂಜಿನಿಯರಿಂಗ್ ವಿಭಾಗದ ಸಂಶೋಧಕರು ಕೈಗೆತ್ತಿಕೊಂಡರು. ಅವರ ಪ್ರಬಂಧ 2016ರಲ್ಲಿ ಅಂತಾರಾಷ್ಟ್ರೀಯ ನಿಯತಕಾಲಿಕವೊಂದರಲ್ಲಿ ಪ್ರಕಟವಾಯಿತು.

ಪ್ರಯೋಗಕ್ಕೆ ಆರಿಸಿಕೊಂಡ ಎಲೆಗಳು ನಾಲ್ಕು: ಮಾವು, ಕರಿಬೇವು, ಬೇವು ಮತ್ತು ಸಂಪಿಗೆ. ಇಂತಹ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಎಲೆಯನ್ನು ತೊಳೆದು, ಒಣಗಿಸಿ, ನೀರಿನಲ್ಲಿ ಕುದಿಸಿ ಸೋಸುತ್ತಾರೆ. ದೊರೆತ ಕಷಾಯವನ್ನು ಕಬ್ಬಿಣದ ಲವಣ ಕರಗಿಸಿದ ನೀರಿಗೆ ಬೆರೆಸಿದೊಡನೆ ದ್ರಾವಣ ಕಪ್ಪಾಗುತ್ತದೆ. ಕಣಗಳು ಹುಟ್ಟಿಕೊಂಡವೆಂಬುದಕ್ಕೆ ಅದೇ ಮೊದಲ ಸೂಚನೆ.

ನ್ಯಾನೊ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ನೂರು ನ್ಯಾನೊಮೀಟರಿಗಿಂತ ಚಿಕ್ಕದಾದ ಕಣವನ್ನು ನ್ಯಾನೊ ಕಣ ಎನ್ನುವುದು ರೂಢಿ. ಗಾತ್ರ ಕುಗ್ಗಿದರೆ ಬರುವ ಲಾಭವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಸೆಂಟಿಮೀಟರ್ ಅಳತೆಯ ಕಬ್ಬಿಣದ ಘನಾಕೃತಿಯ ಹೊರಮೈ ಕೇವಲ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರ್ ಅಳತೆಯ ತುಣುಕುಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 600 ಚದರ ಮೀಟರ್ ಆಗುತ್ತದೆ. ಮಂಗಳೂರಿನ ಭಾಷೆಯಲ್ಲಿ ಹೇಳುವುದಾದರೆ ಸುಮಾರು ಹದಿನೈದು ಸೆಂಟ್ಸ್ ಜಾಗ! ನೀರಿನಲ್ಲಿರುವ ಕಶ್ಮಲ ಅಂಟಿಕೊಳ್ಳುವುದು ಈ ಮೈಗೆ.

ಆದರೆ ಇಷ್ಟು ಸಣ್ಣ ಕಣಗಳು ಬಿಡಿಬಿಡಿಯಾಗಿ ಉಳಿಯುವುದಿಲ್ಲ. ಕುದಿನೀರಿಗೆ ಒಮ್ಮೆಲೇ ಸುರಿದ ಅಕ್ಕಿಹಿಟ್ಟಿನಂತೆ ಗಂಟು ಕಟ್ಟುತ್ತವೆ, ಗಳಿಸಿದ ಹೊರಮೈ ನಷ್ಟವಾಗುತ್ತದೆ. ಇದನ್ನು ತಡೆಯಲು ಕಣದ ಸುತ್ತ ಒಂದು ಹೊದಿಕೆ ಬೇಕು. ಸಾಂಪ್ರದಾಯಿಕ ವಿಧಾನದಲ್ಲಿ ಸೋಡಿಯಂ ಬೋರೋಹೈಡ್ರೈಡ್ ಎಂಬ ವಿಷಕಾರಿ ರಾಸಾಯನಿಕದಿಂದ ಕಣ ತಯಾರಿಸಿ, ಮತ್ತೊಂದು ಕೃತಕ ವಸ್ತುವಿನಿಂದ ಹೊದಿಕೆ ಕಟ್ಟುವುದುಂಟು. ಎಲೆಯ ಕಷಾಯದಲ್ಲಿ ಪಾಲಿಫಿನಾಲ್, ಪ್ರೋಟೀನ್, ಸಕ್ಕರೆ ಮೊದಲಾದವು ಇರುವುದರಿಂದ ಎರಡೂ ಕೆಲಸ ಒಂದೇ ಪಾತ್ರೆಯಲ್ಲಿ ಮುಗಿಯುತ್ತದೆ. 'ಹಸಿರು ಸಂಶ್ಲೇಷಣೆ' ಎಂಬ ಹೆಸರು ಬಂದದ್ದು ಹೀಗೆ.

ನಾಲ್ಕು ಎಲೆಗಳ ಪೈಕಿ ಮೇಲುಗೈ ಸಾಧಿಸಿದ್ದು ಬೇವು. ಬೇವಿನ ಕಷಾಯದಿಂದ ಪಡೆದ ಕಣಗಳು ಗೃಹಬಳಕೆಯ ಕೊಳಚೆ ನೀರಿನಿಂದ ಸುಮಾರು ಶೇ. 98 ಫಾಸ್ಫೇಟ್ ಹಾಗೂ ಶೇ. 84 ಅಮೋನಿಯಾ ಸಾರಜನಕವನ್ನು ತೆಗೆದವು. ಸಾವಯವ ಕಶ್ಮಲದ ಮಾಪಕವಾದ ರಾಸಾಯನಿಕ ಆಮ್ಲಜನಕ ಬೇಡಿಕೆ ಶೇ. 82ರಷ್ಟು ಇಳಿಯಿತು. ಫಾಸ್ಫೇಟ್ ಬಟ್ಟೆ ತೊಳೆಯುವ ಪುಡಿಯಿಂದಲೂ ಮಲಮೂತ್ರದಿಂದಲೂ ನೀರಿಗೆ ಸೇರುತ್ತದೆ. ಕೆರೆ-ತೋಡುಗಳಲ್ಲಿ ಪಾಚಿ ಹಬ್ಬಿಸಿ ಮೀನಿನ ಉಸಿರು ಕಟ್ಟಿಸುವುದು ಅದೇ. ಸಾಮಾನ್ಯ ಜೈವಿಕ ಶುದ್ಧೀಕರಣದಲ್ಲಿ ಅದು ಪೂರ್ತಿಯಾಗಿ ಹೋಗುವುದಿಲ್ಲವಾದ್ದರಿಂದ ಶೇ. 98 ಎಂಬ ಅಂಕಿಗೆ ಮಹತ್ವವಿದೆ.

ಆದರೂ ಅಂಕಿಗೆ ಮರುಳಾಗುವ ಮುನ್ನ ಕೆಲವು ಸಂಗತಿಗಳನ್ನು ಗಮನಿಸಬೇಕು. ಎಲೆಯ ಕಷಾಯದಿಂದ ಹುಟ್ಟುವ ಕಣ ನಿಜಕ್ಕೂ ಶುದ್ಧ ಕಬ್ಬಿಣವೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಬೆಳ್ಳಿಯ ಲವಣದಿಂದ ಲೋಹವನ್ನು ಬಿಡಿಸುವುದು ಎಲೆಯ ರಸಕ್ಕೆ ಸುಲಭ. ಕಬ್ಬಿಣ ಹಾಗಲ್ಲ, ಅದು ತನ್ನ ಲವಣರೂಪವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡದು. ಹೀಗಾಗಿ ಹಲವು ಪ್ರಕರಣಗಳಲ್ಲಿ ದೊರೆಯುವುದು ಕಬ್ಬಿಣದ ಆಕ್ಸೈಡ್ ಅಥವಾ ಕಬ್ಬಿಣ-ಪಾಲಿಫಿನಾಲ್ ಸಂಯುಕ್ತ, ಅಂದರೆ ಒಂದು ಬಗೆಯಲ್ಲಿ ಹಳೆಯ ಶಾಯಿಯೇ, ಎಂಬ ವಾದವಿದೆ. ಫಾಸ್ಫೇಟ್ ಹಿಡಿಯಲು ಆಕ್ಸೈಡ್ ಕೂಡ ಸಮರ್ಥ. ಆದರೆ ಕಣದ ಸ್ವರೂಪವೇ ತಿಳಿಯದಿದ್ದರೆ ಅದನ್ನು ಮತ್ತೆ ಮತ್ತೆ ಒಂದೇ ಗುಣಮಟ್ಟದಲ್ಲಿ ತಯಾರಿಸುವುದು ಕಷ್ಟ.

ಎಲೆಯೂ ಒಂದೇ ತೆರನಾಗಿರುವುದಿಲ್ಲ. ಮಣ್ಣು, ಋತು, ಮರದ ವಯಸ್ಸು ಬದಲಾದಂತೆ ಪಾಲಿಫಿನಾಲ್ ಪ್ರಮಾಣವೂ ಬದಲಾಗುತ್ತದೆ. ಕಷಾಯ ಅಳತೆ ಮೀರಿದರೆ ಅದೇ ನೀರಿಗೆ ಸಾವಯವ ಹೊರೆಯಾಗುತ್ತದೆ.

ಎಲ್ಲಕ್ಕಿಂತ ದೊಡ್ಡದು ಪ್ರಮಾಣದ ಪ್ರಶ್ನೆ. ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಕೆಲವೇ ಲೀಟರ್ ನೀರಿರುತ್ತದೆ. ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟೆಯಿಂದ ಬರುವ ನೀರು ದಿನಕ್ಕೆ ಸುಮಾರು 16 ಕೋಟಿ ಲೀಟರ್, ಅದರ ಬಹುಪಾಲು ಬಳಕೆಯಾಗಿ ಕೊಳಚೆಯಾಗುತ್ತದೆ. ನಗರದ ಶುದ್ಧೀಕರಣ ಘಟಕಗಳಿರುವುದು ಕಾವೂರು, ಸುರತ್ಕಲ್, ಬಜಾಲ್ ಹಾಗೂ ಪಚ್ಚನಾಡಿಯಲ್ಲಿ. ಅಲ್ಲಿಗೆ ತಲುಪದ ನೀರು ತೋಡುಗಳ ಮೂಲಕ ಫಲ್ಗುಣಿ, ನೇತ್ರಾವತಿಗಳನ್ನು ಸೇರಿದರೆ ಯಾವ ಕಣವೂ ಅದನ್ನು ಮುಟ್ಟಲಾರದು. ಘಟಕಕ್ಕೆ ಬಂದ ನೀರಿನ ಮಟ್ಟಿಗೂ, ಕಶ್ಮಲ ಹೀರಿದ ಕಣಗಳನ್ನು ಮರಳಿ ಹಿಡಿದು ತೆಗೆಯುವ ವ್ಯವಸ್ಥೆ ಬೇಕು. ಕೆಲವು ಬಗೆಯ ಕಬ್ಬಿಣದ ಆಕ್ಸೈಡ್ ಆಯಸ್ಕಾಂತಕ್ಕೆ ಒಲಿಯುವುದರಿಂದ ಇದು ಅಸಾಧ್ಯವಲ್ಲ. ಆದರೆ ಹಾಗೆ ಸಂಗ್ರಹವಾಗುವ ಕೆಸರಿನ ವಿಲೇವಾರಿಗೂ ಜಾಗ ಹುಡುಕಬೇಕು.

ಕಬ್ಬಿಣವಂತೂ ಈ ಊರಿಗೆ ಹೊಸದಲ್ಲ. 2005ರ ಅಂತ್ಯದಲ್ಲಿ ಗಣಿಗಾರಿಕೆ ನಿಲ್ಲುವವರೆಗೆ ಕುದುರೆಮುಖದ ಅದಿರು ಕೊಳವೆಯಲ್ಲಿ ಹರಿದು ಪಣಂಬೂರಿಗೆ ಬರುತ್ತಿತ್ತು. ಬೇವಿನ ವಿಷಯ ಬೇರೆ. ಬಯಲುಸೀಮೆಯಲ್ಲಿ ರಸ್ತೆ ಬದಿಯಲ್ಲೇ ಸಿಗುವ ಈ ಮರ, ಮಳೆ ಹೆಚ್ಚಾದ ಕರಾವಳಿಯಲ್ಲಿ ಅಷ್ಟು ಸಮೃದ್ಧವಾಗಿ ಬೆಳೆಯುವುದಿಲ್ಲ. ಇಲ್ಲಿ ಯಥೇಚ್ಛವಾಗಿರುವುದು ಪ್ರಯೋಗದಲ್ಲಿ ಬೇವಿನ ಹಿಂದೆ ಉಳಿದ ಮಾವು.