ಟಿ.ಸಿ. ಕಂಬದಿಂದ ನಮ್ಮ ಮನೆಯ ಮೀಟರಿನವರೆಗೆ



ಸಂಘದ ವಾರದ ಸಭೆಯಲ್ಲಿ ನಾವು ಉಳಿತಾಯ, ಸಾಲ, ಆರೋಗ್ಯ, ಮಕ್ಕಳ ಓದು ಎಲ್ಲವನ್ನೂ ಮಾತಾಡುತ್ತೇವೆ. ಕರೆಂಟಿನ ವಿಷಯ ಬಂದರೆ ಮಾತ್ರ "ಅದು ಗಂಡಸರ ಕೆಲಸ, ಲೈನ್‌ಮ್ಯಾನ್ ಬಂದು ನೋಡ್ತಾರೆ" ಅಂತ ಸುಮ್ಮನಾಗುತ್ತೇವೆ. ಆದರೆ ಮಿಕ್ಸಿ, ಗ್ರೈಂಡರ್, ಪಂಪಿನ ಸ್ವಿಚ್ಚು ದಿನವೂ ಮುಟ್ಟುವವರು ನಾವು. ಬಟ್ಟೆ ಒಣಹಾಕುವ ತಂತಿಗೆ ಕರೆಂಟು ಬಂದರೆ ಮೊದಲು ಕೈ ಇಡುವವರೂ ನಾವೇ. ಆದ್ದರಿಂದ ಕರೆಂಟು ನಮ್ಮ ಮನೆಗೆ ಯಾವ ದಾರಿಯಲ್ಲಿ ಬರುತ್ತದೆ ಎಂದು ತಿಳಿದುಕೊಳ್ಳೋಣ.

ಟಿ.ಸಿ. ಏನು ಮಾಡುತ್ತದೆ?

ಊರಿನಲ್ಲಿ ಕಂಬದ ಮೇಲೆ ಕೂರಿಸಿರುವ ದೊಡ್ಡ ಪೆಟ್ಟಿಗೆಯೇ ಟ್ರಾನ್ಸ್‌ಫಾರ್ಮರ್. ನಾವೆಲ್ಲ ಟಿ.ಸಿ. ಅನ್ನುತ್ತೇವೆ. ಮೇಲಿನ ಮೂರು ತಂತಿಗಳಲ್ಲಿ 11,000 ವೋಲ್ಟ್ ಕರೆಂಟು ಅದರೊಳಗೆ ಬರುತ್ತದೆ. ಪೆಟ್ಟಿಗೆಯಲ್ಲಿ ಎಣ್ಣೆಯಲ್ಲಿ ಮುಳುಗಿರುವ ತಂತಿಯ ಸುರುಳಿಗಳಿವೆ. ಅವು ವೋಲ್ಟೇಜನ್ನು 433ಕ್ಕೆ ಇಳಿಸುತ್ತವೆ. ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿ 25, 63 ಅಥವಾ 100 ಕೆ.ವಿ.ಎ. ಶಕ್ತಿಯ ಟಿ.ಸಿ. ಇರುತ್ತದೆ.

ಒಳಗೆ ಬರುವ ತಂತಿ ಮೂರು, ಆದರೆ ಹೊರಗೆ ಹೋಗುವುದು ನಾಲ್ಕು. ಮೂರು ಫೇಸ್, ಒಂದು ನ್ಯೂಟ್ರಲ್. ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ಹಿಟ್ಟಿನ ಗಿರಣಿಗೆ, ದೊಡ್ಡ ಪಂಪಿಗೆ ಮೂರೂ ಫೇಸ್ ಬೇಕು. ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230 ವೋಲ್ಟ್. ನಮ್ಮ ಮನೆಗೆ ಬರುವುದು ಈ ಎರಡು ತಂತಿ.

ಮೂರು ಫೇಸಿಗೂ ಸಮಪಾಲು

ಸಂಘದ ಕೆಲಸವನ್ನೆಲ್ಲ ಒಬ್ಬಳೇ ಸದಸ್ಯೆಯ ಮೇಲೆ ಹೊರಿಸಿದರೆ ಏನಾಗುತ್ತದೆ? ಟಿ.ಸಿ.ಯಲ್ಲೂ ಹಾಗೆಯೇ. ಊರಿನ ಮನೆಗಳನ್ನು ಮೂರು ಫೇಸಿಗೂ ಹೆಚ್ಚುಕಡಿಮೆ ಸಮವಾಗಿ ಹಂಚಬೇಕು. ಒಂದೇ ಫೇಸಿಗೆ ಹೆಚ್ಚು ಮನೆ ಸೇರಿದರೆ ಆ ಸಾಲಿನವರಿಗೆ ಸಂಜೆ ದೀಪ ಮಂಕು, ಪಂಪು ಏಳುವುದಿಲ್ಲ, ಫ್ಯೂಸು ಪದೇ ಪದೇ ಹೋಗುತ್ತದೆ. ಆಗ ಯಾರೋ ಒಬ್ಬರು ಕಂಬ ಹತ್ತಿ ಫೇಸ್ ಬದಲಾಯಿಸುತ್ತಾರೆ, ಇಲ್ಲವೇ ಫ್ಯೂಸಿಗೆ ದಪ್ಪ ತಂತಿ ಕಟ್ಟುತ್ತಾರೆ. ಎರಡೂ ಜೀವಕ್ಕೆ ಅಪಾಯ. ಹೊರೆ ಹೆಚ್ಚಾದಾಗ ತಾನು ಕರಗಿ ಲೈನನ್ನು ಉಳಿಸುವುದೇ ಫ್ಯೂಸಿನ ಕೆಲಸ. ದಪ್ಪ ತಂತಿ ಕರಗುವುದಿಲ್ಲ, ಅದರ ಬದಲು ವೈರು ಉರಿಯುತ್ತದೆ, ಟಿ.ಸಿ.ಯೇ ಸುಡುತ್ತದೆ. ಆಮೇಲೆ ಇಡೀ ಊರು ಕತ್ತಲಲ್ಲಿ.

ನ್ಯೂಟ್ರಲ್ ಕಡಿದರೆ

ನ್ಯೂಟ್ರಲ್ ತಂತಿಯನ್ನು ಟಿ.ಸಿ. ಬಳಿ ಭೂಮಿಗೆ ಜೋಡಿಸಿರುತ್ತಾರೆ. ಈ ತಂತಿ ಲೈನಿನಲ್ಲಿ ಕಡಿದರೆ ಅಥವಾ ಸಡಿಲವಾದರೆ ಒಂದು ಮನೆಯ ದೀಪ ಮಂಕಾಗುತ್ತದೆ, ಪಕ್ಕದ ಮನೆಯದು ಕಣ್ಣು ಕುಕ್ಕುವಷ್ಟು ಉರಿಯುತ್ತದೆ. ಕಡಿಮೆ ಹೊರೆ ಇರುವ ಫೇಸಿನ ಮನೆಗಳಿಗೆ 230ರ ಬದಲು 400ರ ಹತ್ತಿರದವರೆಗೂ ವೋಲ್ಟೇಜು ಹೋಗಬಹುದು. ಟಿ.ವಿ., ಫ್ರಿಜ್ಜು ಸುಡುವುದು ಹೀಗೆಯೇ. ಇಂಥದ್ದು ಕಂಡರೆ ತಕ್ಷಣ ಮೇನ್ ಸ್ವಿಚ್ ಆಫ್ ಮಾಡಿ. ಅಕ್ಕಪಕ್ಕದವರಿಗೂ ಹೇಳಿ.

ಸರ್ವಿಸ್ ವೈರು

ಕಂಬದಿಂದ ಮನೆಗೆ ಬರುವುದು ಸರ್ವಿಸ್ ವೈರು. ಅದನ್ನು ಎಳೆದು ಕಟ್ಟಬಾರದು, ಭಾರ ಹೊರಲು ಪ್ರತ್ಯೇಕ ಜಿ.ಐ. ತಂತಿ ಇರಬೇಕು. ಮನೆಯ ಪೈಪಿನ ಬಾಯಿ ಕೆಳಗೆ ಬಾಗಿರಬೇಕು, ಇಲ್ಲದಿದ್ದರೆ ಮಳೆನೀರು ಪೈಪಿನಲ್ಲಿ ಇಳಿದು ಮೀಟರಿಗೆ ಬರುತ್ತದೆ. ವೈರಿನ ನಡುವೆ ಜೋಡಣೆ ಇರಬಾರದು. ಅಲ್ಯೂಮಿನಿಯಂ ತಂತಿಗೆ ತಾಮ್ರದ ತಂತಿಯನ್ನು ಸುಮ್ಮನೆ ಸುತ್ತಿದರೆ ಮಳೆಗಾಲದಲ್ಲಿ ಜಂಟಿ ಕೊಳೆತು ಬಿಸಿಯಾಗುತ್ತದೆ. ಅದಕ್ಕೆ ತಕ್ಕ ಕ್ಲ್ಯಾಂಪೇ ಬೇಕು.

ವೈರಿನ ರಬ್ಬರು ಸವೆದು ಜಿ.ಐ. ತಂತಿಗೆ, ತಗಡಿನ ಮಾಡಿಗೆ ತಾಗಿದರೆ ಅಲ್ಲೆಲ್ಲ ಕರೆಂಟು ಹರಿಯುತ್ತದೆ. ಅದೇ ಮಾಡಿಗೆ ಬಟ್ಟೆಯ ತಂತಿ ಕಟ್ಟಿದ್ದರೆ? ಒದ್ದೆ ಬಟ್ಟೆ, ಒದ್ದೆ ಕೈ, ಬರಿಗಾಲು. ಹೀಗೆ ಪ್ರಾಣ ಕಳಕೊಂಡ ತಾಯಂದಿರು ಎಷ್ಟೋ ಮಂದಿ. ಬಟ್ಟೆ ಒಣಗಿಸಲು ನೈಲಾನ್ ಹಗ್ಗ ಸಾಕು. ಅದರ ಬೆಲೆ ಎಷ್ಟು, ಜೀವದ ಬೆಲೆ ಎಷ್ಟು?

ಮೀಟರಿನ ನಂತರ ಮನೆಯೊಳಗಿನ ಜವಾಬ್ದಾರಿ ನಮ್ಮದು. ಸರಿಯಾದ ಅರ್ತಿಂಗ್ ಮತ್ತು 30 ಮಿಲಿ ಆಂಪಿಯರಿನ ಇ.ಎಲ್.ಸಿ.ಬಿ. ಎರಡೂ ಇರಲಿ. ಕರೆಂಟು ಸೋರಿದ ಕ್ಷಣದಲ್ಲೇ ಅದು ಲೈನು ಕಡಿದು ಜೀವ ಉಳಿಸುತ್ತದೆ.

ಟಿ.ಸಿ. ಹಿಂದಕ್ಕೂ ಕೆಲಸ ಮಾಡುತ್ತದೆ

ಇದು ಬಹಳ ಮಂದಿಗೆ ತಿಳಿಯದ ಸಂಗತಿ. ಮದುವೆಗೋ ಹಬ್ಬಕ್ಕೋ ಬಾಡಿಗೆ ಜನರೇಟರ್ ತಂದು, ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ಲೈನಿಗೆ ಕೊಟ್ಟರೆ ಆ ಕರೆಂಟು ಸರ್ವಿಸ್ ವೈರಿನಲ್ಲಿ ಹಿಂದಕ್ಕೆ ಹೋಗಿ ಟಿ.ಸಿ. ಸೇರುತ್ತದೆ. ಇಳಿಸುವ ಪೆಟ್ಟಿಗೆಯೇ ಆಗ ಏರಿಸುವ ಪೆಟ್ಟಿಗೆಯಾಗುತ್ತದೆ. ಲೈನ್ ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ಕೈಯಲ್ಲಿ ಸಾವಿರಾರು ವೋಲ್ಟ್. ಅವರ ಮನೆಯಲ್ಲೂ ನಮ್ಮಂತೆಯೇ ಹೆಂಡತಿ ಮಕ್ಕಳು ದಾರಿ ಕಾಯುತ್ತಿರುತ್ತಾರೆ. ನೆರೆಯವರನ್ನು ಪ್ರೀತಿಸುವುದು ಅಂದರೆ ಇದೂ ಸೇರಿದೆ.

ನೆನಪಿಡಬೇಕಾದ ಮಾತುಗಳು

* ಟಿ.ಸಿ. ಪೆಟ್ಟಿಗೆಯನ್ನು ನಾವಾಗಲಿ, ಗಂಡ ಮಕ್ಕಳಾಗಲಿ ಮುಟ್ಟಬಾರದು. ಫ್ಯೂಸು ಹಾಕುವುದು ಇಲಾಖೆಯವರ ಕೆಲಸ.
* ಕಂಬಕ್ಕೆ, ಸ್ಟೇ ತಂತಿಗೆ ದನ ಕಟ್ಟಬೇಡಿ. ಮಳೆಗಾಲದಲ್ಲಿ ಟಿ.ಸಿ.ಯ ಅರ್ತ್ ಗುಂಡಿಯ ಹತ್ತಿರ ಮೇಯಲು ಬಿಡಬೇಡಿ.
* ಲೈನಿನ ಹತ್ತಿರ ಅಲ್ಯೂಮಿನಿಯಂ ದೋಟಿ, ಏಣಿ ಎತ್ತಬೇಡಿ. ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟು ಹರಿಯುತ್ತದೆ.
* ತುಂಡಾಗಿ ಬಿದ್ದ ತಂತಿಯ ಹತ್ತಿರ ಹೋಗಬೇಡಿ, ಬೇರೆಯವರನ್ನೂ ತಡೆಯಿರಿ.
* ಮನೆಯಲ್ಲಿ ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಮೇನ್ ಆಫ್ ಮಾಡಿ. ಆಗದಿದ್ದರೆ ಒಣಗಿದ ಮರದ ಕೋಲಿನಿಂದ ಬಿಡಿಸಿ. ಬರಿಗೈಯಲ್ಲಿ ಮುಟ್ಟಬೇಡಿ.
* ಗ್ರೈಂಡರ್, ಹಪ್ಪಳದ ಯಂತ್ರ ಹಾಕಿ ಸಂಘ ಉದ್ಯಮ ಮಾಡುವುದಾದರೆ ಅದಕ್ಕೆ ತಕ್ಕ ಸಂಪರ್ಕಕ್ಕೆ ಅರ್ಜಿ ಕೊಡಿ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಮನೆ ಬಳಕೆಗೆ ಮಾತ್ರ.

ದೂರು ಕೊಡುವುದು ಹೇಗೆ?

ನಾವು ಇನ್ನೂ ಕೆ.ಇ.ಬಿ. ಅನ್ನುತ್ತೇವೆ. ಆದರೆ 1999ರಲ್ಲಿ ಅದು ಕೆ.ಪಿ.ಟಿ.ಸಿ.ಎಲ್. ಆಯಿತು, 2002ರಲ್ಲಿ ಕರೆಂಟು ಹಂಚುವ ಕೆಲಸ ಮೆಸ್ಕಾಂ, ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳಿಗೆ ಬಂತು. ದೂರಿಗೆ 1912ಕ್ಕೆ ಫೋನ್ ಮಾಡಿ. ಬಿಲ್ಲಿನಲ್ಲಿರುವ ಆರ್.ಆರ್. ನಂಬರ್ ಹೇಳಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಒಬ್ಬೊಬ್ಬರೇ ಹೋಗುವುದಕ್ಕಿಂತ ಸಂಘದ ನಿರ್ಣಯ ಬರೆದು, ಎಲ್ಲರೂ ಸಹಿ ಮಾಡಿ, ಸೆಕ್ಷನ್ ಆಫೀಸಿಗೆ ಕೊಟ್ಟು ಸ್ವೀಕೃತಿ ಪಡೆದರೆ ಮಾತಿಗೆ ತೂಕ ಬರುತ್ತದೆ. ಅದಕ್ಕೂ ಕೆಲಸ ಆಗದಿದ್ದರೆ 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಗ್ರಾಹಕರ ಕುಂದುಕೊರತೆ ವೇದಿಕೆಗೆ ಹೋಗುವ ಹಕ್ಕು ನಮಗಿದೆ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಎಷ್ಟು ಮನೆಗಳ ಸರ್ವಿಸ್ ವೈರು ಹಳೆಯದಾಗಿದೆ ಅಥವಾ ಮಾಡಿಗೆ ತಾಗುತ್ತಿದೆ?
2. ಎಷ್ಟು ಮನೆಗಳಲ್ಲಿ ಇ.ಎಲ್.ಸಿ.ಬಿ. ಇದೆ? ಇಲ್ಲದವರಿಗೆ ಸಂಘದಿಂದ ಚಿಕ್ಕ ಸಾಲ ಕೊಡಬಹುದೇ?
3. ಕಬ್ಬಿಣದ ತಂತಿಯಲ್ಲಿ ಬಟ್ಟೆ ಒಣಗಿಸುವವರು ಯಾರ್ಯಾರು? ಮುಂದಿನ ಭಾನುವಾರದೊಳಗೆ ಹಗ್ಗ ಕಟ್ಟೋಣವೇ?