ಕ್ರೂಸರ್ ಹೋಗದ ಊರು

ಪ್ರತಿ ವರ್ಷ ಮೇ ತಿಂಗಳ ನಡುವಿಗೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ರೈತರ ಕಿವಿಗೆ ಅಂಡಮಾನ್ ಹೆಸರು ಬೀಳುತ್ತದೆ. ಮುಂಗಾರು ಅಂಡಮಾನ್ ಸಮುದ್ರಕ್ಕೆ ಬಂತು ಎಂಬ ಸುದ್ದಿ, ಹೊಲ ಹರಗಿ ಮುಗಿಲು ನೋಡುತ್ತ ಕೂತವರಿಗೆ ವರ್ಷದ ಮೊದಲ ಸಿಹಿ ಸುದ್ದಿ. ಈಗ ಆ ಹೆಸರು ಇನ್ನೊಂದು ಕಾರಣಕ್ಕೂ ಕೇಳಿಬರುತ್ತಿದೆ. ತೊಗರಿ ಮಾರಿ ಕೈಯಲ್ಲಿ ನಾಲ್ಕು ಕಾಸು ಉಳಿದವರು, ರಜೆ ಸಿಕ್ಕ ಮಾಸ್ತರರು, ಹೊಸದಾಗಿ ಮದುವೆಯಾದವರು ಅತ್ತ ಹೊರಡುತ್ತಿದ್ದಾರೆ. ಹೊರಡುವಾಗ ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಜೊತೆಗೆ ಒಂದು ನಂಬಿಕೆಯನ್ನೂ ಕಟ್ಟಿಕೊಂಡು ಹೋಗುತ್ತಾರೆ.

"ಅಲ್ಲಿ ಇಳದ ಮ್ಯಾಲ ಒಂದು ಕ್ರೂಸರ್ ಮಾಡಿದ್ರ ಸಾಕ್ರಿ, ನಾಕ ದಿನದಾಗ ಪೂರಾ ಅಂಡಮಾನ್ ಮುಗಸಬಹುದು."

ಈ ಮಾತು ಎಷ್ಟು ಜನರ ದುಡ್ಡು, ಎಷ್ಟು ಜನರ ರಜೆ ನುಂಗಿದೆಯೋ ಲೆಕ್ಕವಿಲ್ಲ. ಅದು ಹುಟ್ಟಿದ್ದು ಎಲ್ಲಿ ಎಂಬುದು ಮಾತ್ರ ಸುಲಭವಾಗಿ ತಿಳಿಯುತ್ತದೆ. ಈ ಭಾಗದಲ್ಲಿ ಪ್ರವಾಸವೆಂದರೆ ಕ್ರೂಸರ್. ಹತ್ತು-ಹನ್ನೆರಡು ಜನ ಕೂಡಿ ರಾತ್ರಿ ಉಂಡು ಹತ್ತಿದರೆ ಬೆಳಗಿಗೆ ಪಂಢರಪುರ, ಅಲ್ಲಿಂದ ತುಳಜಾಪುರ, ಬರುವಾಗ ಗಾಣಗಾಪುರ. ಹಸಿವಾದಲ್ಲಿ ಗಾಡಿ ನಿಲ್ಲುತ್ತದೆ, ನಿದ್ದೆ ಬಂದರೆ ಗಾಡಿಯೇ ಮನೆ. ಗಾಡಿ ಕೈಯಲ್ಲಿದ್ದರೆ ಊರು ಕೈಯಲ್ಲಿದ್ದಂತೆ. ನೆಲದ ಮೇಲೆ ಸುಳ್ಳಾಗದ ಈ ಲೆಕ್ಕ ಕಡಲಿಗೆ ಬಂದ ಕೂಡಲೇ ತಪ್ಪುತ್ತದೆ.

ಅಂಡಮಾನ್ ಒಂದು ಊರಲ್ಲ, ಒಂದು ದ್ವೀಪವೂ ಅಲ್ಲ. ಅಂಡಮಾನ್ ಮತ್ತು ನಿಕೋಬಾರ್ ಐನೂರಕ್ಕೂ ಹೆಚ್ಚು ದ್ವೀಪಗಳ ಸಾಲು. ಅದರ ಉತ್ತರದ ತುದಿಯಿಂದ ದಕ್ಷಿಣದ ತುದಿಗೆ 700 ಕಿ.ಮೀ.ಗೂ ಮಿಕ್ಕಿದ ದೂರ. ಕಲಬುರಗಿಯಿಂದ ಬೆಂಗಳೂರಿಗೆ ಇರುವುದಕ್ಕಿಂತ ಹೆಚ್ಚು. ಜನ ವಾಸಿಸುವ ದ್ವೀಪಗಳು ನಾಲ್ವತ್ತರ ಒಳಗೆ. ವಿಮಾನ ಇಳಿಯುವ ಪೋರ್ಟ್‌ಬ್ಲೇರ್ (2024ರಿಂದ ಅದರ ಹೆಸರು ಶ್ರೀವಿಜಯಪುರಂ) ದಕ್ಷಿಣ ಅಂಡಮಾನ್‌ನಲ್ಲಿದೆ. ಫೋಟೋದಲ್ಲಿ ಎಲ್ಲರೂ ನೋಡಿರುವ ಬಿಳಿ ಮರಳಿನ ರಾಧಾನಗರ ಬೀಚು ಇರುವುದು ಬೇರೆ ದ್ವೀಪದಲ್ಲಿ, ಹ್ಯಾವ್‌ಲಾಕ್‌ನಲ್ಲಿ. 2018ರಲ್ಲಿ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಎಂದು ಹೆಸರಿಟ್ಟರು. ಪೋರ್ಟ್‌ಬ್ಲೇರ್‌ನಿಂದ ಈ ಎರಡಕ್ಕೂ ಸೇತುವೆಯಿಲ್ಲ, ರಸ್ತೆಯಿಲ್ಲ. ದಾರಿ ಎಂದರೆ ಬೋಟು. ಖಾಸಗಿ ವೇಗದ ಬೋಟಿಗೆ ಸುಮಾರು ಒಂದೂವರೆ ತಾಸು, ಸರ್ಕಾರಿ ಬೋಟಿಗೆ ಇನ್ನೂ ಹೆಚ್ಚು. ಟಿಕೆಟ್ ಮೊದಲೇ ತೆಗೆದಿರಬೇಕು, ಗುರುತಿನ ಚೀಟಿ ಬೇಕು, ಹೇಳಿದ ಹೊತ್ತಿಗೆ ಜೆಟ್ಟಿಯಲ್ಲಿರಬೇಕು. "ಐದು ನಿಮಿಷ ನಿಲ್ಲಸ್ರಿ, ನಮ್ಮವರು ಚಹಾ ಕುಡಿಲಾಕತ್ತ್ಯಾರ" ಎಂದರೆ ಬೋಟು ನಿಲ್ಲುವುದಿಲ್ಲ. ಮಧ್ಯಾಹ್ನದ ಕೊನೆಯ ಬೋಟು ತಪ್ಪಿತೋ, ರಾತ್ರಿ ಅಲ್ಲೇ.

ಕ್ರೂಸರ್ ಲೆಕ್ಕ ನಂಬಿದವರು ಮಾಡುವುದು ಇಷ್ಟು: ಪೋರ್ಟ್‌ಬ್ಲೇರ್‌ನಲ್ಲಿ ನಾಲ್ಕು ರಾತ್ರಿಗೆ ರೂಮು, ಬಾಗಿಲಲ್ಲಿ ಗಾಡಿ. ಮೊದಲ ದಿನ ಸೆಲ್ಯುಲರ್ ಜೈಲು. 1906ರಲ್ಲಿ ಕಟ್ಟಿ ಮುಗಿಸಿದ ಆ ಕತ್ತಲೆ ಕೋಣೆಗಳ ಮುಂದೆ ನಿಂತವರು ಮಾತು ಮರೆಯುತ್ತಾರೆ; ಅದು ನೋಡಲೇಬೇಕಾದ ಜಾಗ. ಎರಡನೆಯ ದಿನ "ಹ್ಯಾವ್‌ಲಾಕ್ ನೋಡಿ ಸಂಜೀಗಿ ಬಂದ್ಬಿಡೂಣು" ಎಂದು ಹೊರಡುತ್ತಾರೆ. ಅಲ್ಲಿ ಇನ್ನೊಂದು ಪೆಟ್ಟು ಕಾದಿರುತ್ತದೆ: ಸೂರ್ಯ. ಗಡಿಯಾರ ಎರಡೂ ಕಡೆ ಒಂದೇ, ಆದರೆ ಪೋರ್ಟ್‌ಬ್ಲೇರ್ ಕಲಬುರಗಿಯಿಂದ ಸುಮಾರು 16 ರೇಖಾಂಶ ಪೂರ್ವಕ್ಕಿದೆ. ಒಂದು ರೇಖಾಂಶಕ್ಕೆ ನಾಲ್ಕು ನಿಮಿಷ, ಅಂದರೆ ಅಲ್ಲಿನ ನಡುಮಧ್ಯಾಹ್ನ ಇಲ್ಲಿಗಿಂತ ತಾಸಿಗೂ ಮೊದಲು ಬಂದುಹೋಗುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆ ಹೊತ್ತು ಮುಳುಗುತ್ತದೆ. ಬೆಳಗಿನ ಎಂಟರ ತನಕ ಮಲಗಿ, ನಿಧಾನಕ್ಕೆ ನಾಷ್ಟಾ ಮಾಡಿ, ಹನ್ನೊಂದಕ್ಕೆ ಹೊರಬಿದ್ದವರ ದಿನ ಅರ್ಧ ಮುಗಿದಿರುತ್ತದೆ.

ಗಾಡಿ ಹೋಗುವ ದಾರಿಯೂ ಇದೆ, ನಿಜ. ಪೋರ್ಟ್‌ಬ್ಲೇರ್‌ನಿಂದ ಉತ್ತರದ ಡಿಗ್ಲಿಪುರದವರೆಗಿನ ಅಂಡಮಾನ್ ಟ್ರಂಕ್ ರೋಡ್. ಆದರೆ ಅದು ಜಾರವಾ ಆದಿವಾಸಿಗಳ ಮೀಸಲು ಕಾಡಿನೊಳಗಿಂದ ಹಾದುಹೋಗುತ್ತದೆ. ಜಿರ್ಕಾಟಾಂಗ್‌ನಲ್ಲಿ ಎಲ್ಲ ಗಾಡಿಗಳನ್ನೂ ಸಾಲು ಮಾಡಿ, ಗೊತ್ತಾದ ಹೊತ್ತಿಗಷ್ಟೇ ಕಾವಲಿನೊಂದಿಗೆ ಬಿಡುತ್ತಾರೆ. ನಡುವೆ ನಿಲ್ಲುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ಕಿಟಕಿಯಿಂದ ಬಿಸ್ಕಿಟ್ ಎಸೆಯುವಂತಿಲ್ಲ. ಅದು ಪ್ರಾಣಿ ಸಂಗ್ರಹಾಲಯವಲ್ಲ, ಅವರ ಮನೆ.

ನೀರಿನ ಮೇಲಿನ ದಾರಿಗೆ ಹವಾಮಾನವೇ ಯಜಮಾನ. 2016ರ ಡಿಸೆಂಬರ್ ಮೊದಲ ವಾರ ಬಿರುಗಾಳಿ ಎದ್ದು ಬೋಟುಗಳು ನಿಂತಾಗ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಹ್ಯಾವ್‌ಲಾಕ್, ನೀಲ್‌ಗಳಲ್ಲಿ ಸಿಕ್ಕಿಕೊಂಡರು. ನೌಕಾಪಡೆಯ ಹಡಗುಗಳು ಹೋಗಬೇಕಾಯಿತು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ದಂಡೆಯ ಹಳ್ಳಿಗಳ ದಾರಿ ಕಡಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹ್ಯಾವ್‌ಲಾಕ್‌ನಿಂದ ಬೆಳಿಗ್ಗೆ ಬೋಟು ಹತ್ತಿ ಅದೇ ದಿನ ವಿಮಾನ ಹಿಡಿಯುವ ಟಿಕೆಟ್ ಮಾಡಿಸುವವರು ಇದ್ದಾರೆ. ಕೊನೆಯ ರಾತ್ರಿ ಪೋರ್ಟ್‌ಬ್ಲೇರ್‌ನಲ್ಲೇ ಇರಬೇಕು. ಇದರಲ್ಲಿ ಚೌಕಾಶಿ ಇಲ್ಲ.

ಇನ್ನು ರೆಸಾರ್ಟಿನ ಮಾತು. "ಸಮುದ್ರ ದಂಡಿ ಮ್ಯಾಲಿನ ಕಾಟೇಜ್" ಎಂದರೆ ಬಾಗಿಲು ತೆರೆದು ನೀರಿಗೆ ಇಳಿಯುವುದು ಎಂದೇ ಎಲ್ಲರ ಎಣಿಕೆ. ಹ್ಯಾವ್‌ಲಾಕ್‌ನ ಬಹುಪಾಲು ರೆಸಾರ್ಟುಗಳು ಪೂರ್ವ ದಂಡೆಯಲ್ಲಿವೆ. ಅಲ್ಲಿ ಸಮುದ್ರದ ತಳ ತೀರಾ ಸಪಾಟು. ಇಳಿತದ ಹೊತ್ತಿಗೆ ನೀರು ನೂರಾರು ಅಡಿ ಹಿಂದೆ ಸರಿದುಬಿಡುತ್ತದೆ. ರಾತ್ರಿ ಅಲೆಯ ಸದ್ದು ಕೇಳುತ್ತ ಮಲಗಿದವರು ಬೆಳಿಗ್ಗೆ ಎದ್ದು ನೋಡಿದರೆ ಸಮುದ್ರವೇ ಇಲ್ಲ: ಬೂದು ಬಣ್ಣದ ಹಸಿ ಮರಳು, ಸತ್ತ ಹವಳದ ಚೂಪು ಕಲ್ಲು, ನಡುನಡುವೆ ಅಂಗೈಯಷ್ಟು ನೀರಿನ ಹೊಂಡ, ಅದರ ಅಂಚಿನಲ್ಲಿ ಬೆನ್ನ ಮೇಲೆ ಶಂಖ ಹೊತ್ತು ತೆವಳುವ ಸಣ್ಣ ಏಡಿ. ಮೋಸ ಹೋದೆವೆಂದು ಮ್ಯಾನೇಜರ್ ಮೇಲೆ ಕೂಗಾಡುವವರಿಗೆ ತಿಳಿಯದ್ದು ಇಷ್ಟೇ, ಸುಮಾರು ಆರು ತಾಸಿಗೆ ನೀರು ಮತ್ತೆ ಅಂಗಳಕ್ಕೆ ಬರುತ್ತದೆ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಈಜಬೇಕೆನ್ನುವವರು ದ್ವೀಪದ ಪಡುವಣಕ್ಕಿರುವ ರಾಧಾನಗರಕ್ಕೆ ಹೋಗಬೇಕು. ಜೆಟ್ಟಿಯಿಂದ ಬಸ್ಸಿದೆ, ಆಟೋ ಇದೆ, ಲೈಸೆನ್ಸ್ ತೋರಿಸಿದರೆ ಬಾಡಿಗೆ ಸ್ಕೂಟರ್ ಸಿಗುತ್ತದೆ. ಮೊಸಳೆಯ ಎಚ್ಚರಿಕೆ ಬೋರ್ಡ್ ಕಂಡಲ್ಲಿ ನೀರಿಗಿಳಿಯಬಾರದು. ಉಪ್ಪುನೀರಿನಲ್ಲಿ ಮೊಸಳೆ ಇರುವುದಿಲ್ಲ ಎಂಬುದೂ ಸುಳ್ಳೇ.

ಸುತ್ತಲೂ ನೀರಿದ್ದರೆ ನೀರಿಗೇನು ಬರ ಎನ್ನುವವರೂ ಇದ್ದಾರೆ. ಪೋರ್ಟ್‌ಬ್ಲೇರ್ ಕುಡಿಯುವುದು ಧನಿಖಾರಿ ಅಣೆಕಟ್ಟೆಯ ನೀರು. ಬೇಸಿಗೆಯಲ್ಲಿ ಅಲ್ಲೂ ದಿನ ಬಿಟ್ಟು ದಿನ ನಲ್ಲಿ ಬರುವ ಕಾಲವಿದೆ. ಟ್ಯಾಂಕರ್ ಕಾಯುವ ಕಷ್ಟ ಬಲ್ಲ ಅಫಜಲಪುರದವರು ಅಲ್ಲಿ ಶವರ್ ಬಿಟ್ಟು ಹೋಗಬಾರದು.

ಉಳಿದವು ಒಂದೊಂದು ಮಾತಿಗೆ ಮುಗಿಯುವಂಥವು. ಅಂಡಮಾನ್‌ಗೆ ಭಾರತೀಯರಿಗೆ ಪಾಸ್‌ಪೋರ್ಟ್ ಬೇಡ. ಮೊದಲೇ ಪರವಾನಗಿ ಬೇಕಾದದ್ದು ಲಕ್ಷದ್ವೀಪಕ್ಕೆ; ಅದು ಇನ್ನೊಂದು ಕಡಲಿನಲ್ಲಿದೆ. ಚೆನ್ನೈನಿಂದ ಹಡಗು ಒಂದು ರಾತ್ರಿಗೆ ಮುಟ್ಟುವುದಿಲ್ಲ, ಮೂರು ದಿನದ ಹತ್ತಿರ ಹಿಡಿಯುತ್ತದೆ. ದಂಡೆಯಲ್ಲಿ ಆರಿಸಿದ ಹವಳ, ಚಿಪ್ಪುಗಳನ್ನು ಮಕ್ಕಳ ಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ. ಅಲ್ಲಿನ ಆದಿವಾಸಿಗಳು ನರಭಕ್ಷಕರು ಎಂಬ ಮಾತು ಶುದ್ಧ ಸುಳ್ಳು, ಹೇಳುವವರಿಗೆ ನಾಚಿಕೆಯಾಗಬೇಕಾದ ಸುಳ್ಳು. ಉತ್ತರ ಸೆಂಟಿನೆಲ್‌ನವರು ಹೊರಗಿನವರು ಬೇಡವೆನ್ನುತ್ತಾರೆ; 2018ರಲ್ಲಿ ಕಾನೂನು ಮುರಿದು ಅಲ್ಲಿಗೆ ನುಗ್ಗಿದ ಅಮೆರಿಕದ ಯುವಕ ಜೀವ ಕಳೆದುಕೊಂಡ. ಆ ದ್ವೀಪದ ಹತ್ತಿರ ಹೋಗುವುದೇ ಅಪರಾಧ.

ಬೇಸಿಗೆ ರಜೆಯಲ್ಲಿ, ಕಲಬುರಗಿಯ ಸೆಖೆ ತಪ್ಪಿಸಿಕೊಳ್ಳಲು ಮೇ ಕೊನೆಗೆ ಟಿಕೆಟ್ ಮಾಡಿಸುವವರದ್ದು ಮಾತ್ರ ಸಂಕಟದ ಸಂಗತಿ. ಮುಂಗಾರು ಕೇರಳಕ್ಕಿಂತ ಮೊದಲು ಮುಟ್ಟುವುದು ಅಂಡಮಾನ್‌ಗೆ ಎಂದು ವರ್ಷ ವರ್ಷ ಕೇಳಿ ಬಿತ್ತನೆಗೆ ಸಜ್ಜಾಗುವ ಮನೆಯವರೇ ಅದೇ ಮಳೆಯಲ್ಲಿ ರೂಮಿನೊಳಗೆ ಕೂತು ಬರುತ್ತಾರೆ.

ಇದೇ ಜನ ಅಡತಿಯಲ್ಲಿ ಯಾರ ಮಾತನ್ನೂ ನಂಬುವವರಲ್ಲ. ತೊಗರಿ ಕಾಳನ್ನು ಹಲ್ಲಿಗೆ ಕಚ್ಚಿ ಹಸಿಯೋ ಒಣಗಿದೆಯೋ ನೋಡುತ್ತಾರೆ, ತೂಕದ ಮುಳ್ಳಿನ ಮೇಲೆ ಕಣ್ಣಿಡುತ್ತಾರೆ, ಬೀಜದ ಚೀಲದ ಚೀಟಿ ಓದಿಸುತ್ತಾರೆ. ಮೊಬೈಲಿನಲ್ಲಿ ನೀಲಿ ನೀರಿನ ವಿಡಿಯೋ ಜೊತೆಗೆ "ನಾಲ್ಕು ದಿನ, ಪೂರ್ತಿ ಅಂಡಮಾನ್" ಎಂದು ಬಂದರೆ ಮಾತ್ರ ಕಾಳು ಕಚ್ಚದೆ ಮುಂಗಡ ಕಳಿಸುತ್ತಾರೆ. ಯಾರೋ ಹೋಗಿಬಂದವರ ಮಾತು, ಅವರಿಗೆ ಹೇಳಿದವರ ಮಾತು, ಅದರ ಮೇಲೆ ಏಜೆಂಟನ ಮಾತು. ಅರ್ಧ ಲಕ್ಷ ಹೋಗುವಲ್ಲಿ ನಕಾಶೆ ಬಿಡಿಸಿ ನೋಡಲು ಹತ್ತು ನಿಮಿಷ ಸಿಗುವುದಿಲ್ಲವೇ?

ಏಜೆಂಟನಿಗೆ ಕೇಳಬೇಕಾದ ಪ್ರಶ್ನೆಗಳು ಕಷ್ಟದವಲ್ಲ. ಯಾವ ದ್ವೀಪದಲ್ಲಿ ಎಷ್ಟು ರಾತ್ರಿ? ಬೋಟು ಎಷ್ಟಕ್ಕೆ, ಯಾವ ಜೆಟ್ಟಿಯಿಂದ? ಟಿಕೆಟ್ ಹಣ ಸೇರಿದೆಯೋ ಬೇರೆಯೋ? ಗಾಳಿಗೆ ಬೋಟು ನಿಂತರೆ ರೂಮಿನ ಹಣ ಯಾರದು? ಹ್ಯಾವ್‌ಲಾಕ್‌ನ ಬೀಚುಗಳಿಗೆ ನಂಬರುಗಳಿವೆ, ರಾಧಾನಗರ 7ನೇ ನಂಬರು. ಕಾಟೇಜು ಯಾವ ನಂಬರಿನಲ್ಲಿದೆ ಎಂದು ಕೇಳಿದಾಗ ಏಜೆಂಟ್ ಉತ್ತರ ಹೇಳದೆ ಫೋಟೋ ಕಳಿಸಿದರೆ, ಮುಂಗಡದ ಹಣ ಜೇಬಿನಲ್ಲೇ ಇರಲಿ.