ತಕ್ಕಡಿಯ ಮುಳ್ಳಿನ ಹಾಗೆ ನಿಲ್ಲಬಲ್ಲಿರಾ?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ ಚಂದ್ರಾ ಲೇಔಟಿನ ಯಾವ ಬೀದಿಗೆ ಹೋದರೂ ಮಾತು ಒಂದೇ. ಎಷ್ಟು ಬಂತು? ಮುಂದೇನು? ಎಂಜಿನಿಯರಿಂಗೋ ಮೆಡಿಕಲ್ಲೋ? ಉತ್ತರ ಹೇಳುವವರು ಬಹುಮಟ್ಟಿಗೆ ಅಪ್ಪ, ಅಮ್ಮ. ಪರೀಕ್ಷೆ ಬರೆದ ಹುಡುಗನೋ ಹುಡುಗಿಯೋ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾರೆ. ಆ ಮೌನದೊಳಗೆ ಏನಿದೆ ಎಂದು ಕೇಳುವಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ.

ಇದೇ ಬಡಾವಣೆಯಿಂದ ಮೈಸೂರು ರಸ್ತೆ ಹಿಡಿದು, ಕೆಂಗೇರಿ ದಾಟಿ, ಕುಂಬಳಗೋಡಿನತ್ತ ಸಾಗಿದರೆ ಮೌನವನ್ನು ದಿನಚರಿಯ ಭಾಗವಾಗಿ ಮಾಡಿಕೊಂಡವರ ತಾಣವೊಂದು ಸಿಗುತ್ತದೆ. ಅದು ಆಶೀರ್ವನಂ, ಬೆನೆಡಿಕ್ಟೈನ್ ಪಂಥದ ಕ್ರೈಸ್ತ ಸನ್ಯಾಸಿಗಳ ಮಠ. ತಮಿಳುನಾಡಿನ ಸೇಲಂ ಬಳಿ 1947ರಲ್ಲಿ ಆರಂಭವಾದ ಈ ಮಠ 1957ರಲ್ಲಿ ಇಲ್ಲಿಗೆ ಬಂತು. ಕೆಂಗೇರಿಗೆ ಇನ್ನೊಂದು ನೆನಪೂ ಉಂಟು. ಆಕ್ಸ್‌ಫರ್ಡಿನಲ್ಲಿ ಓದಿದ ಇಂಗ್ಲಿಷ್ ಸನ್ಯಾಸಿ ಬೀಡ್ ಗ್ರಿಫಿತ್ಸ್ 1955ರಲ್ಲಿ ಭಾರತಕ್ಕೆ ಬಂದಾಗ, ಫಾದರ್ ಬೆನೆಡಿಕ್ಟ್ ಅಲಪಾಟ್ ಅವರೊಡನೆ ಮೊದಲು ನೆಲೆಸಿದ್ದು ಇಲ್ಲಿಯೇ. ಮಠ ಕಟ್ಟುವ ಅವರ ಪ್ರಯತ್ನ ಕೈಗೂಡಲಿಲ್ಲ. 1958ರಲ್ಲಿ ಅವರು ಕೇರಳದ ಕುರಿಶುಮಲೆಗೆ ಹೊರಟುಹೋದರು.

ಕೆಲವು ದಿನ ಮನೆ, ಕೆಲಸ, ಹರಟೆಗಳಿಂದ ದೂರವಿದ್ದು ದೇವರ ಮುಂದೆ ತನ್ನನ್ನು ತಾನು ನೋಡಿಕೊಳ್ಳುವುದಕ್ಕೆ ಕ್ರೈಸ್ತರು ರಿಟ್ರೀಟ್ ಎನ್ನುತ್ತಾರೆ, ಕನ್ನಡದಲ್ಲಿ ಧ್ಯಾನಕೂಟ. ಸಾವಿರಾರು ಜನ ಸೇರಿ ಹಾಡು, ಪ್ರವಚನ, ಸಾಮೂಹಿಕ ಪ್ರಾರ್ಥನೆಗಳಲ್ಲಿ ಕಳೆಯುವ ಧ್ಯಾನಕೂಟಗಳಿವೆ. ಒಬ್ಬೊಬ್ಬರೇ ಮೌನದಲ್ಲಿದ್ದು, ದಿನಕ್ಕೊಮ್ಮೆ ಮಾರ್ಗದರ್ಶಕರೊಡನೆ ಮಾತನಾಡುವಂಥವೂ ಇವೆ. ಈ ಎರಡನೆಯ ಬಗೆಗೆ ಅಚ್ಚುಕಟ್ಟಾದ ಕ್ರಮ ಹಾಕಿಕೊಟ್ಟವರಲ್ಲಿ ಮುಖ್ಯರು ಸಂತ ಇಗ್ನೇಷಿಯಸ್ ಲೊಯೋಲಾ.

ಗಾಯಗೊಂಡ ಯೋಧ, ಮೂವತ್ತು ದಾಟಿದ ವಿದ್ಯಾರ್ಥಿ

ಇಗ್ನೇಷಿಯಸ್ ಸ್ಪೇನಿನ ಯೋಧ. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು. ಹಾಸಿಗೆ ಹಿಡಿದವನು ಓದಲು ವೀರರ ಕಥೆ ಕೇಳಿದ. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು ಮಾತ್ರ. ಓದುತ್ತ ಓದುತ್ತ ಅವನೊಂದು ಸೂಕ್ಷ್ಮ ಗಮನಿಸಿದ. ದರ್ಬಾರಿನ ವೈಭವದ ಕನಸು ಕಾಣುವಾಗ ಹಿತವೇ, ಮುಗಿದ ಮೇಲೆ ಮನಸ್ಸು ಬಣಬಣ. ಸಂತರಂತೆ ಬದುಕುವ ಯೋಚನೆ ಬಂದಾಗಿನ ನೆಮ್ಮದಿ ಮಾತ್ರ ಆಮೇಲೂ ಉಳಿಯುತ್ತಿತ್ತು. ಯಾವ ಆಸೆ ಎಷ್ಟು ಹೊತ್ತು ತಂಪಾಗಿರಿಸುತ್ತದೆ ಎಂಬ ಈ ಪರೀಕ್ಷೆಯೇ ಅವನ ಇಡೀ ಪದ್ಧತಿಯ ಬೇರು.

ಮರುವರ್ಷ ಮನ್ರೇಸಾ ಎಂಬ ಊರಿನಲ್ಲಿ ಹಲವು ತಿಂಗಳು ತಪಸ್ಸಿನಲ್ಲಿ ಕಳೆದ. ಅಲ್ಲಿ ಸುಖವೇನೂ ಕಾದಿರಲಿಲ್ಲ. ಪಾಪಪ್ರಜ್ಞೆ ಹಿಂಡಿ, ಬದುಕೇ ಬೇಡವೆನ್ನಿಸಿದ ದಿನಗಳೂ ಬಂದವು. ಅದನ್ನು ದಾಟಿ ಬಂದ ಅನುಭವದಿಂದ ಹುಟ್ಟಿದ ಪುಸ್ತಕ ‘ಆಧ್ಯಾತ್ಮಿಕ ಸಾಧನೆಗಳು’. 1548ರಲ್ಲಿ ಪೋಪ್ ಮೂರನೆಯ ಪೌಲ್ ಅದಕ್ಕೆ ಒಪ್ಪಿಗೆ ಕೊಟ್ಟರು. ಪೂರ್ತಿ ಸಾಧನೆಗೆ ಸುಮಾರು 30 ದಿನ ಬೇಕು. ಅಷ್ಟು ಬಿಡುವಿಲ್ಲದವರು ದಿನನಿತ್ಯದ ಕೆಲಸದ ನಡುವೆಯೇ ಮಾಡಬಹುದು ಎಂದೂ ಅದರಲ್ಲಿ ಅವಕಾಶವಿದೆ. ಅಂಕಗಳಿಗೆ ಹೆದರುವ ವಿದ್ಯಾರ್ಥಿಗಳು ಮರೆಯಬಾರದ ಸಂಗತಿಯೊಂದಿದೆ. ಈ ಮನುಷ್ಯ ಮೂವತ್ತು ದಾಟಿದ ಮೇಲೆ ಬಾರ್ಸಿಲೋನಾದಲ್ಲಿ ಚಿಕ್ಕ ಹುಡುಗರ ಜೊತೆ ಕುಳಿತು ಲ್ಯಾಟಿನ್ ವ್ಯಾಕರಣ ಕಲಿತ. ಆಮೇಲೆ ಪ್ಯಾರಿಸಿಗೆ ಹೋಗಿ ಎಂ.ಎ. ಮುಗಿಸಿದ.

ಮನಸ್ಸು ಕುಗ್ಗಿದ ದಿನ ತೀರ್ಮಾನ ಬೇಡ

ಆ ಪುಸ್ತಕದ ಒಂದು ನಿಯಮ ಪ್ರತಿ ವಿದ್ಯಾರ್ಥಿಯ ಮೇಜಿನ ಮೇಲಿರಬೇಕಾದದ್ದು. ಮನಸ್ಸು ಕತ್ತಲಲ್ಲಿರುವಾಗ, ಹಿಂದೆ ಶಾಂತವಾಗಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದು. ಅಂಕಪಟ್ಟಿ ನೋಡಿದ ರಾತ್ರಿ ‘ಓದೇ ಬೇಡ’ ಎಂದು ತೀರ್ಮಾನಿಸುವುದು, ಕುದಿಯುವ ನೀರಿನಲ್ಲಿ ಮುಖ ನೋಡಿಕೊಂಡಂತೆ.

ಆಯ್ಕೆ ಮಾಡುವುದಕ್ಕೂ ಅವರು ಸರಳ ದಾರಿ ತೋರಿಸುತ್ತಾರೆ. ಒಂದು ದಾರಿ ಹಿಡಿದರೆ ಬರುವ ಒಳಿತು ಕೆಡುಕು, ಬಿಟ್ಟರೆ ಬರುವ ಒಳಿತು ಕೆಡುಕು, ಎರಡನ್ನೂ ತೂಗಿ ನೋಡು. ಅಪರಿಚಿತನೊಬ್ಬ ಇದೇ ತೊಡಕು ತಂದರೆ ಅವನಿಗೆ ಏನು ಹೇಳುತ್ತಿದ್ದೆಯೋ ಅದನ್ನೇ ನೀನೂ ಮಾಡು.

ಇನ್ನು ಮಾರ್ಗದರ್ಶಕನಿಗೆ ಹೇಳಿದ ಮಾತು. ಅವನು ಶಿಷ್ಯನನ್ನು ಈ ಕಡೆಗೂ ಎಳೆಯಬಾರದು, ಆ ಕಡೆಗೂ ದೂಡಬಾರದು. ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲಬೇಕು. ಅನುಭವಿ ಗುರುಗಳಿಗೇ ಇಷ್ಟು ಸಂಯಮ ಬೇಕೆಂದ ಮೇಲೆ, ಮಗುವಿನ ಮೇಲಿನ ಪ್ರೀತಿಯಲ್ಲೇ ಕಣ್ಣು ಮಂಜಾಗುವ ತಂದೆತಾಯಿಗಳಿಗೆ ಎಷ್ಟು ಬೇಡ?

ಆಶೀರ್ವನದ ಸನ್ಯಾಸಿಗಳು ಅನುಸರಿಸುವ ಸಂತ ಬೆನೆಡಿಕ್ಟರ ನಿಯಮಾವಳಿ ಆರನೆಯ ಶತಮಾನದ್ದು. ಮಠದ ಮುಖ್ಯ ವಿಷಯಗಳಲ್ಲಿ ಹಿರಿಯ ಎಲ್ಲರನ್ನೂ ಕರೆದು ಕೇಳಬೇಕು, ಏಕೆಂದರೆ ಒಳ್ಳೆಯ ದಾರಿಯನ್ನು ದೇವರು ಎಷ್ಟೋ ಸಲ ಕಿರಿಯನಿಗೇ ತೋರಿಸುತ್ತಾನೆ ಎಂಬುದು ಅದರ ಕಟ್ಟಳೆ. ಕೊನೆಯ ಮಾತು ಹಿರಿಯನದೇ. ಆದರೆ ಕೇಳದೆ ಆಡುವ ಹಾಗಿಲ್ಲ.

ಮದ್ದಿನ ಬದಲು ಧ್ಯಾನವಲ್ಲ

ಮನಶ್ಶಾಸ್ತ್ರವನ್ನೂ ಪ್ರಾರ್ಥನೆಯನ್ನೂ ಬೆಸೆದವರು ಯೇಸುಸಭೆಯ ಗುರು ಆಂಥೊನಿ ಡಿ ಮೆಲ್ಲೊ (1931–1987). ಮುಂಬೈಯಲ್ಲಿ ಹುಟ್ಟಿದ ಅವರು ಉಸಿರಾಟವನ್ನು ಗಮನಿಸುವುದು, ಸುತ್ತಲ ಸದ್ದು ಆಲಿಸುವುದು ಮುಂತಾದ ಪೂರ್ವದೇಶಗಳ ಅಭ್ಯಾಸಗಳನ್ನು ಧ್ಯಾನಕೂಟಕ್ಕೆ ತಂದರು. ಅವರ ‘ಸಾಧನಾ’ 1978ರಲ್ಲಿ ಬಂತು. ಅವರ ಬರಹಗಳ ಕೆಲವು ವಿಚಾರಗಳ ಬಗ್ಗೆ 1998ರಲ್ಲಿ ವ್ಯಾಟಿಕನ್ ಎಚ್ಚರಿಕೆ ನೀಡಿದ್ದೂ ಉಂಟು.

ಆದರೆ ಧ್ಯಾನಕೂಟ ಆಸ್ಪತ್ರೆಯಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಸದಾ ಮಂಕು, ಸಾಯುವ ಮಾತು ಎಂದಾದರೆ ಮೊದಲು ವೈದ್ಯರು, ಆಮೇಲೆ ಶಿಬಿರ. ನಂಬಿಕೆ ಇದ್ದರೆ ಮಾತ್ರೆ ಬೇಡ ಎನ್ನುವವರ ಮಾತಿಗೆ ಮಕ್ಕಳನ್ನು ಒಪ್ಪಿಸಬೇಡಿ. ನಮ್ಮ ಊರಿನಲ್ಲಿಯೇ ನಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಶಿಬಿರಕ್ಕೆ ಹೋಗದವರಿಗೂ ಇಗ್ನೇಷಿಯಸ್ ಒಂದು ಅಭ್ಯಾಸ ಬಿಟ್ಟುಹೋಗಿದ್ದಾರೆ. ಮಲಗುವ ಮುನ್ನ ಹದಿನೈದು ನಿಮಿಷ ಸಾಕು. ಸಿಕ್ಕಿದ್ದಕ್ಕೆ ಕೃತಜ್ಞತೆ, ನೋಡಲು ಬೆಳಕಿನ ಬೇಡಿಕೆ, ಬೆಳಗಿನಿಂದ ನಡೆದದ್ದರ ಮೆಲುಕು, ತಪ್ಪಿಗೆ ಕ್ಷಮೆ, ನಾಳೆಗೊಂದು ಸಂಕಲ್ಪ. ಯಾವ ಮತದವರಾದರೂ ತಮ್ಮ ದೇವರ ಮುಂದೆ, ದೇವರಿಲ್ಲವೆನ್ನುವವರು ತಮ್ಮ ಅಂತಃಸಾಕ್ಷಿಯ ಮುಂದೆ ಇದನ್ನು ಮಾಡಬಹುದು. ಒಂದು ವಾರ ಮಕ್ಕಳು ಮಾಡಲಿ, ಹೆತ್ತವರೂ ಮಾಡಲಿ. ಆಮೇಲೆ ಒಟ್ಟಿಗೆ ಕುಳಿತು ‘ನಿನಗೇನು ಅನ್ನಿಸುತ್ತದೆ?’ ಎಂದು ಅಪ್ಪ ಅಮ್ಮ ಕೇಳಲಿ. ಕೇಳಿದ ಮೇಲೆ, ಉತ್ತರ ಮುಗಿಯುವ ತನಕ ಸುಮ್ಮನಿರಲಿ.